ಉಪ್ಪು ಮತ್ತು ತಾಯಿ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆ ಎರಡು ಮಾತುಗಳ ನಂಟು ನನಗೆ ಅರಿವಾದದ್ದು ಮಾತ್ರ ಮೊನ್ನೆ, ಎರಡು ತಿಂಗಳ ಬಸಿರಿ ತಂಗಿ ಜಯನಗರದ ನಮ್ಮ ಮನೆಗೆ ಬಂದಾಗ.

ಶುದ್ಧವೆಂದು ನಂಬಿ ನಾಲ್ಕನೆಯ ಬ್ಲಾಕಿನಿಂದ ಸೈಂಧವ ಲವಣವನ್ನು ತಂದವನು ನಾನೇ. ‘ಮನೆಯಲ್ಲಿ ಯಾವ ಉಪ್ಪು?’ ಎಂದು ವೈದ್ಯೆ ಕೇಳಿದಾಗ ಹೆಮ್ಮೆಯಿಂದಲೇ ಹೇಳಿದೆ. ಅವರ ಮುಖ ಗಂಭೀರವಾಯಿತು. ಅದರಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಮೆ.

ಶಿಶುವಿನ ಮೆದುಳು ಬೆಳೆಯಲು ಥೈರಾಯಿಡ್ ಗ್ರಂಥಿಯ ರಸ ಬೇಕು. ಆ ರಸಕ್ಕೆ ಅಯೋಡಿನ್ ಬೇಕು. ಮೊದಲ ಮೂರು ತಿಂಗಳು ಶಿಶುವಿಗೆ ಸ್ವಂತ ರಸವಿಲ್ಲ, ತಾಯಿಯದೇ ಆಸರೆ. ಬಸಿರಿಗೆ ದಿನಕ್ಕೆ ಬೇಕಾದದ್ದು 250 ಮೈಕ್ರೊಗ್ರಾಂ, ಎಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು. ಅದು ತೀರ ಕಡಮೆಯಾದರೆ ಮಗುವಿನ ಬುದ್ಧಿ ಕುಂದೀತು. ಆ ನಷ್ಟ ಮುಂದೆ ತುಂಬಿಬಾರದು.

ಕೊಡಗು, ಚಿಕ್ಕಮಗಳೂರುಗಳಲ್ಲಿ ಗಳಗಂಡವನ್ನು ಕಂಡವರಿಗೆ ಈ ಕೊರತೆ ಹೊಸದಲ್ಲ. ಮಲೆನಾಡಿನ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತದೆ. ಅದಕ್ಕೆಂದೇ 1962ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣಕ್ಕೆ ಕೈಹಾಕಿ, ಅಯೋಡಿನ್ ಬೆರೆಸಿದ ಉಪ್ಪನ್ನು ಬಳಕೆಗೆ ತಂದಿತು. ಮಲೆನಾಡಿನ ಆ ಕೊರತೆಯನ್ನು ನಾನು ಹಣ ಕೊಟ್ಟು ಮನೆಗೆ ತಂದಿದ್ದೆ!

‘ಇನ್ನೂ ಹೊತ್ತು ಮೀರಿಲ್ಲ’ ಎಂದರು ವೈದ್ಯೆ. ಸಂಜೆ ಸಾಮಾನ್ಯ ಉಪ್ಪಿನ ಪೊಟ್ಟಣ ತಂದೆ. ‘ಏನಣ್ಣ, ಮತ್ತೆ ಅಗ್ಗದ ಉಪ್ಪೇ?’ ಎಂದು ತಂಗಿ ನಕ್ಕಳು. ಗಾದೆಯ ಅರ್ಥವನ್ನು ಅವಳಿಗೆ ಹೊಸದಾಗಿ ಹೇಳಿದೆ.