ಮೊದಲ 11 ಸೀಸನ್‌ನಲ್ಲಿ ಗೋಲ್ಡನ್ ಬೂಟ್ ಭಾರತೀಯನ ಕಾಲಿಗೆ ಬರಲೇ ಇಲ್ಲ!

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಹೊನಲು ಬೆಳಕಿನ ಪಂದ್ಯಾಟ ನೋಡಿದವರಿಗೆಲ್ಲ ಇದು ಗೊತ್ತು. ಕಬಡ್ಡಿ ಇರಲಿ, ವಾಲಿಬಾಲ್ ಇರಲಿ, ಫೈನಲ್ ಮುಗಿಯೋದು ನಡುರಾತ್ರಿ ದಾಟಿದ ಮೇಲೆ. ಆದರೂ ಜನ ಎದ್ದು ಹೋಗಲ್ಲ. ದೊಡ್ಡ ಟ್ರೋಫಿ ಕೊಟ್ಟಾದ ಮೇಲೂ ‘ಉತ್ತಮ ದಾಳಿಗಾರ’, ‘ಬೆಸ್ಟ್ ಅಟ್ಯಾಕರ್’ ಯಾರು ಅಂತ ಮೈಕಿನಲ್ಲಿ ಹೇಳೋವರೆಗೆ ಕಾಯ್ತಾರೆ. ಮರುದಿನ ಹೋಟೆಲಲ್ಲಿ ಚಹಾದ ಜೊತೆ ಚರ್ಚೆಯಾಗೋದೂ ಅದೇ: ‘ಅವನಿಗೆ ಕೊಟ್ಟಿದ್ದು ಸರಿಯಾ?’

ಫುಟ್‌ಬಾಲ್‌ನಲ್ಲಿ ಇಂಥ ಚರ್ಚೆ ಹುಟ್ಟಿಸೋ ಪ್ರಶಸ್ತಿಯೇ ಗೋಲ್ಡನ್ ಬೂಟ್. ಲೀಗ್‌ನಲ್ಲಿ ಯಾರು ಅತಿ ಹೆಚ್ಚು ಗೋಲು ಹೊಡೆದರೋ ಅವರಿಗೆ. ಕೇಳೋಕೆ ಇಷ್ಟು ಸರಳ. ಆದರೆ ಇದರ ಇತಿಹಾಸ ತೆಗೆದು ನೋಡಿದರೆ ಜಗಳ, ಲೆಕ್ಕ ತಪ್ಪು, ಟೈ-ಬ್ರೇಕ್ ಎಲ್ಲ ಇದೆ. ನಮ್ಮ ಇಂಡಿಯನ್ ಸೂಪರ್ ಲೀಗ್‌ನ ಪಟ್ಟಿಯಲ್ಲಂತೂ ಕಣ್ಣಿಗೆ ಹೊಡೆಯೋ ಒಂದು ಖಾಲಿ ಜಾಗವೂ ಇದೆ.

ಬಾತುಕೋಳಿ ಮರಿಯ ಹೆಸರಲ್ಲಿ ಪ್ರಶಸ್ತಿ

ಸ್ಪೇನ್‌ನಲ್ಲಿ ಈ ಪ್ರಶಸ್ತಿಗೆ ‘ಪಿಚಿಚಿ’ ಅಂತಾರೆ. ಅದು ಅಥ್ಲೆಟಿಕ್ ಬಿಲ್ಬಾವೊ ತಂಡದ ರಫಾಯೆಲ್ ಮೊರೆನೊ ಅನ್ನೋ ಆಟಗಾರನ ಅಡ್ಡಹೆಸರು. ಅರ್ಥ ಪುಟ್ಟ ಬಾತುಕೋಳಿ. ಟೈಫಸ್ ಜ್ವರದಿಂದ 1922ರಲ್ಲಿ ತೀರಿಕೊಂಡಾಗ ಅವನಿಗಿನ್ನೂ 29 ವರ್ಷ. ಬಿಲ್ಬಾವೊ ಮೈದಾನಕ್ಕೆ ಮೊದಲ ಸಲ ಬರುವ ತಂಡ ಇವತ್ತಿಗೂ ಅವನ ಪ್ರತಿಮೆಗೆ ಹೂವಿಟ್ಟು ಆಡಲು ಇಳಿಯುತ್ತೆ. 1950ರ ದಶಕದಲ್ಲಿ ‘ಮಾರ್ಕಾ’ ಪತ್ರಿಕೆ ಅವನ ಹೆಸರಲ್ಲೇ ಪ್ರಶಸ್ತಿ ಕೊಡೋಕೆ ಶುರುಮಾಡಿತು.

ಇಡೀ ಯುರೋಪಿಗೆ ಸೇರಿ ಒಂದು ಚಿನ್ನದ ಬೂಟು ಕೊಡೋಣ ಅಂತ ಹೊರಟಿದ್ದು ಫ್ರಾನ್ಸಿನ ‘ಲೆಕಿಪ್’ ಪತ್ರಿಕೆ. 1967–68ರಲ್ಲಿ ಮೊದಲ ಬೂಟು ಪೋರ್ಚುಗಲ್‌ನ ಯುಸೇಬಿಯೊಗೆ ಹೋಯ್ತು. ಆದರೆ ಒಂದು ದೊಡ್ಡ ತೊಂದರೆ ಇತ್ತು. ದೊಡ್ಡ ಲೀಗ್‌ನ ಗೋಲಿಗೂ ಸಣ್ಣ ಲೀಗ್‌ನ ಗೋಲಿಗೂ ಒಂದೇ ಬೆಲೆ. 1991ರಲ್ಲಿ ಸೈಪ್ರಸ್ ಫುಟ್‌ಬಾಲ್ ಸಂಸ್ಥೆ ‘ನಮ್ಮ ಹುಡುಗ 40 ಗೋಲು ಹೊಡೆದಿದ್ದಾನೆ, ಬೂಟು ನಮಗೇ ಬರಬೇಕು’ ಅಂತ ತಕರಾರು ತೆಗೆಯಿತು. ಆದರೆ ಅಧಿಕೃತ ಲೆಕ್ಕದಲ್ಲಿ ಅಲ್ಲಿನ ಟಾಪ್ ಸ್ಕೋರರ್‌ಗೆ ಇದ್ದಿದ್ದು 19 ಗೋಲು! ಈ ಗಲಾಟೆ ಆದಮೇಲೆ ಕೆಲವು ವರ್ಷ ಪ್ರಶಸ್ತಿಯನ್ನೇ ನಿಲ್ಲಿಸಿಬಿಟ್ಟರು.

1996–97ರಲ್ಲಿ ಮತ್ತೆ ಶುರುವಾದಾಗ ಹೊಸ ಲೆಕ್ಕ ಬಂತು. ಬಲಿಷ್ಠ ಲೀಗ್‌ನ ಒಂದು ಗೋಲಿಗೆ 2 ಅಂಕ, ಮಧ್ಯಮದ್ದಕ್ಕೆ 1.5, ಉಳಿದವಕ್ಕೆ 1. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಕ್ವಿಂಟಾಲ್ ಒಂದೇ ಆದರೂ ರಾಶಿಯ ರೇಟ್ ಬೇರೆ, ಬೆಟ್ಟೆಯ ರೇಟ್ ಬೇರೆ, ಗೊರಬಲಿನ ರೇಟ್ ಬೇರೆ ತಾನೇ? ಹಾಗೇ.

ನಮ್ಮ ಪಟ್ಟಿ ನೋಡೋಣ

ಭಾರತದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಗಿದ್ದು 1996–97ರಲ್ಲಿ. ಮೊದಲ ವರ್ಷದ ಟಾಪ್ ಸ್ಕೋರರ್ ನಮ್ಮವರೇ, ಜೆಸಿಟಿ ತಂಡದ ಬೈಚುಂಗ್ ಭುಟಿಯಾ, 14 ಗೋಲು. ಮರುವರ್ಷ ಎಫ್‌ಸಿ ಕೊಚ್ಚಿನ್‌ನ ರಾಮನ್ ವಿಜಯನ್. ಆಮೇಲೆ ವಿದೇಶಿ ಸ್ಟ್ರೈಕರ್‌ಗಳ ಕಾಲ ಬಂತು. ನೈಜೀರಿಯಾದ ರ‍್ಯಾಂಟಿ ಮಾರ್ಟಿನ್ಸ್ 2011–12ರ ಐ-ಲೀಗ್‌ನಲ್ಲಿ ಡೆಂಪೊ ಪರ 32 ಗೋಲು ಬಾರಿಸಿದರು.

ಕರ್ನಾಟಕಕ್ಕೆ ಇದರಲ್ಲಿ ಪಾಲು ಸಿಕ್ಕಿದ್ದು 2013–14ರಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ಸೀಸನ್ನಲ್ಲೇ ಐ-ಲೀಗ್ ಚಾಂಪಿಯನ್ ಆಯ್ತು. ನಾಯಕ ಸುನಿಲ್ ಛೆಟ್ರಿ 14 ಗೋಲು ಹೊಡೆದು, ಡ್ಯಾರಿಲ್ ಡಫಿ ಮತ್ತು ಕಾರ್ನೆಲ್ ಗ್ಲೆನ್ ಜೊತೆ ಜಂಟಿಯಾಗಿ ಮೊದಲ ಸ್ಥಾನದಲ್ಲಿದ್ದರು.

2014ರಲ್ಲಿ ಐಎಸ್ಎಲ್ ಬಂತು. ಮೊದಲ ಗೋಲ್ಡನ್ ಬೂಟ್ ಚೆನ್ನೈಯಿನ್‌ನ ಎಲಾನೊಗೆ, 8 ಗೋಲು. 2015ರಲ್ಲಿ ಅದೇ ತಂಡದ ಮೆಂಡೋಜಾ, 13. 2016ರಲ್ಲಿ ಡೆಲ್ಲಿಯ ಮಾರ್ಸೆಲಿನ್ಹೊ, 10. ನಂತರ ಎರಡು ಸೀಸನ್ ಗೋವಾದ ಫೆರಾನ್ ಕೊರೊಮಿನಾಸ್‌ದೇ ದರ್ಬಾರು: 18 ಮತ್ತು 16. ಆ ಮೊದಲನೇ ಸೀಸನ್‌ನಲ್ಲೇ, ಅಂದರೆ 2017–18ರಲ್ಲಿ, ಬೆಂಗಳೂರು ಎಫ್‌ಸಿ ಐಎಸ್ಎಲ್‌ಗೆ ಬಂದಿದ್ದು. ನಮ್ಮ ಮಿಕು 15, ಛೆಟ್ರಿ 14. ಇಬ್ಬರೂ ಸೇರಿ 29 ಗೋಲು, ಆದರೂ ಬೂಟು ಗೋವಾಕ್ಕೆ!

ಸಮಾಧಾನ ಸಿಕ್ಕಿದ್ದು ಮುಂದಿನ ವರ್ಷ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಫೈನಲ್, ಎದುರಿಗೆ ಅದೇ ಗೋವಾ, ಅದೇ ಕೊರೊ. ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಬೆಂಗಳೂರಿಗೆ ಟ್ರೋಫಿ ತಂದುಕೊಟ್ಟಿದ್ದು ಡಿಫೆಂಡರ್ ರಾಹುಲ್ ಭೇಕೆ. ಕೊರೊ ಬೂಟು ಹಿಡ್ಕೊಂಡು ಮನೆಗೆ ಹೋದರು, ನಾವು ಕಪ್ ತಂದೆವು.

ಸಮ ಆದರೆ ಯಾರಿಗೆ?

ಇಂಗ್ಲೆಂಡಿನಲ್ಲಿ ಗೋಲು ಸಮ ಆದರೆ ಬೂಟು ಹಂಚ್ತಾರೆ. 2018–19ರಲ್ಲಿ ಸಲಾಹ್, ಮಾನೆ, ಒಬಾಮೆಯಾಂಗ್ ಮೂವರೂ 22 ಗೋಲು ಹೊಡೆದು ಮೂವರೂ ತಗೊಂಡರು. ಐಎಸ್ಎಲ್‌ನಲ್ಲಿ ಹಾಗಲ್ಲ, ಒಬ್ಬರಿಗೇ.

2019–20ರಲ್ಲಿ ಚೆನ್ನೈಯಿನ್‌ನ ವಾಲ್ಸ್ಕಿಸ್, ಎಟಿಕೆಯ ರಾಯ್ ಕೃಷ್ಣ, ಬ್ಲಾಸ್ಟರ್ಸ್‌ನ ಒಗ್ಬೆಚೆ ಮೂವರದ್ದೂ 15. ಒಗ್ಬೆಚೆ ಆಡಿದ್ದು ಬರೀ 16 ಪಂದ್ಯ. ಆದರೂ ಬೂಟು ಸಿಕ್ಕಿದ್ದು ಅಸಿಸ್ಟ್‌ಗಳಲ್ಲಿ ಅವರಿಗಿಂತ ಮುಂದಿದ್ದ ವಾಲ್ಸ್ಕಿಸ್‌ಗೆ. ಮರುವರ್ಷ ರಾಯ್ ಕೃಷ್ಣ 14 ಗೋಲು, ಜೊತೆಗೆ 8 ಅಸಿಸ್ಟ್. ಗೋವಾದ ಇಗೊರ್ ಅಂಗುಲೊ ಕೂಡ 14. ಈ ಸಲ ಬೂಟು ಕಡಿಮೆ ನಿಮಿಷ ಆಡಿದ ಅಂಗುಲೊಗೆ! ಪಾಪ ಕೃಷ್ಣ, 2023–24ರಲ್ಲಿ ಒಡಿಶಾ ಪರ 13 ಹೊಡೆದಾಗಲೂ ಬೂಟು ಹೋಗಿದ್ದು ಅಷ್ಟೇ ಗೋಲಿನ ಡಯಮಂಟಕೊಸ್‌ಗೆ. ಮೂರು ಸಲ ಮೊದಲ ಸ್ಥಾನದಲ್ಲಿದ್ದು ಮೂರು ಸಲವೂ ಬರಿಗೈ.

ಐಟಿಯಲ್ಲಿ ಕೆಲಸ ಮಾಡೋ ನಮಗೆ ಇದು ಹೊಸದೇನಲ್ಲ. ಅಪ್ರೈಸಲ್‌ನಲ್ಲಿ ಯಾವುದನ್ನು ಅಳೀತಾರೆ ಅನ್ನೋದರ ಮೇಲೆ ‘ಟಾಪ್ ಪರ್ಫಾರ್ಮರ್’ ಯಾರು ಅನ್ನೋದು ಬದಲಾಗುತ್ತೆ. ಟಿಕೆಟ್ ಎಷ್ಟು ಮುಚ್ಚಿದೆ ಅಂತ ಎಣಿಸಿದರೆ ಒಬ್ಬ, ಟೀಮಿಗೆ ಎಷ್ಟು ಸಹಾಯ ಮಾಡಿದೆ ಅಂತ ಎಣಿಸಿದರೆ ಇನ್ನೊಬ್ಬ. ಗೋಲು ಎಣಿಸೋದು ಸುಲಭ, ಅದಕ್ಕೇ ಅದಕ್ಕೆ ಚಿನ್ನದ ಬೂಟು. ಗೋಲಿಗೆ ಮೊದಲು ಚೆಂಡನ್ನು ತಂದುಕೊಟ್ಟವನ ಓಟ ಎಣಿಸೋದು ಕಷ್ಟ.

ಆ ಖಾಲಿ ಜಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. 2014ರಿಂದ 2024–25ರವರೆಗೆ 11 ಸೀಸನ್. ಬೂಟು ಗೆದ್ದವರು ಬ್ರೆಜಿಲ್, ಕೊಲಂಬಿಯಾ, ಸ್ಪೇನ್, ಲಿಥುವೇನಿಯಾ, ನೈಜೀರಿಯಾ, ಗ್ರೀಸ್, ಮೊರಾಕೊ ದೇಶದವರು. ಭಾರತೀಯರು? ಒಬ್ಬರೂ ಇಲ್ಲ.

ಕಾರಣ ಹುಡುಕೋದು ಕಷ್ಟವಲ್ಲ. ಲೀಗ್ ಶುರುವಾದಾಗ ಒಂದು ತಂಡ ಏಕಕಾಲಕ್ಕೆ ಆರು ವಿದೇಶಿಯರನ್ನು ಆಡಿಸಬಹುದಿತ್ತು. 2017ರಲ್ಲಿ ಅದು ಐದಾಯ್ತು, 2021ರಲ್ಲಿ ನಾಲ್ಕಾಯ್ತು. ಸಂಖ್ಯೆ ಇಳಿದರೂ ಜಾಗ ಬದಲಾಗಲಿಲ್ಲ. ನಾಲ್ಕೇ ಜನ ಅಂದರೂ ಅದರಲ್ಲಿ ಒಬ್ಬ ಸ್ಟ್ರೈಕರ್ ಇರಲೇಬೇಕು ಅನ್ನೋದು ಕ್ಲಬ್‌ಗಳ ಲೆಕ್ಕ. ಸೋತರೆ ಕೋಚ್‌ನ ಕೆಲಸ ಹೋಗುತ್ತೆ, ಅವನು ರಿಸ್ಕ್ ತಗೊಳ್ಳಲ್ಲ. ಹಾಗಾಗಿ ನಮ್ಮ ಹುಡುಗರು ವಿಂಗ್‌ಗೆ ಹೋಗ್ತಾರೆ, ಇಲ್ಲಾಂದ್ರೆ ಕೊನೆಯ 20 ನಿಮಿಷಕ್ಕೆ ಇಳೀತಾರೆ. ಹೀಗಿದ್ದರೆ ಗೋಲು ಹೊಡೆಯೋದು ಕಲಿಯೋದು ಎಲ್ಲಿ?

2024–25ರ ಸೀಸನ್ ನೋಡಿ. ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕೊ ಆಟಗಾರ ಅಜಾರೈ 23 ಗೋಲು ಹೊಡೆದು ಹಳೆಯ 18ರ ದಾಖಲೆ ಮುರಿದರು. ಎರಡನೇ ಸ್ಥಾನ ಛೆಟ್ರಿಗೆ, 14 ಗೋಲು. ಆಗ ಅವರಿಗೆ 40 ವರ್ಷ! ಆ ಸೆಪ್ಟೆಂಬರ್‌ನಲ್ಲಿ ಒಗ್ಬೆಚೆಯ 63 ಗೋಲು ದಾಟಿ ಐಎಸ್ಎಲ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರಾದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬೇರೆ, ಲೀಗ್‌ನ ಅತಿ ಹಿರಿಯ ಹ್ಯಾಟ್ರಿಕ್ ವೀರ. ಎನ್.ಆರ್.ಪುರ ಕಡೆ ಕೇರಳ ಮೂಲದ ಮನೆಗಳು ಬಹಳ ಇವೆ. ಅಲ್ಲಿ ಸ್ನೇಹಿತರಿದ್ದರೆ ಆ ರಾತ್ರಿಯ ಬಗ್ಗೆ ಸ್ವಲ್ಪ ಹುಷಾರಾಗಿ ಮಾತಾಡಿ!

ಖುಷಿಯ ವಿಷಯವೇ. ಆದರೆ ಚಿಂತೆಯೂ ಅದರಲ್ಲೇ ಇದೆ. ಆ ಸೀಸನ್‌ನಲ್ಲಿ ಛೆಟ್ರಿ ಬಿಟ್ಟರೆ ಬೇರೆ ಯಾವ ಭಾರತೀಯನೂ ಎರಡಂಕಿ ಮುಟ್ಟಲಿಲ್ಲ. 2024ರ ಜೂನ್‌ನಲ್ಲಿ ಛೆಟ್ರಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ಆ ವರ್ಷ ಭಾರತ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ ಅವರನ್ನೇ ವಾಪಸ್ ಕರೆದರು. ಬಂದವರೇ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು, ದೇಶಕ್ಕಾಗಿ 95ನೆಯದು. ನಿವೃತ್ತರಾದ ಮೇಷ್ಟ್ರನ್ನೇ ಮತ್ತೆ ಪಾಠಕ್ಕೆ ಕರೆಸಿದ ಹಾಗೆ. ಪಾಠ ಚೆನ್ನಾಗಿಯೇ ಆಯ್ತು, ಆದರೆ ಹೊಸ ಮೇಷ್ಟ್ರು ಎಲ್ಲಿ?

ವಿದೇಶಿಯರನ್ನು ಬೈದು ಪ್ರಯೋಜನ ಇಲ್ಲ. ಕೊರೊ, ಒಗ್ಬೆಚೆ ಥರದವರ ಎದುರು ಆಡಿಯೇ ನಮ್ಮ ಡಿಫೆಂಡರ್‌ಗಳು ಗಟ್ಟಿಯಾಗಿದ್ದು. ಬೇಕಿರೋದು ಭಾರತೀಯ ಸ್ಟ್ರೈಕರ್‌ಗೆ ಪೂರ್ತಿ 90 ನಿಮಿಷ, ಅದೂ ಗೋಲಿನ ಮುಂದೆ, ಸಾಲಾಗಿ ಹತ್ತು ಪಂದ್ಯ. ಮೊದಲ ನಾಲ್ಕರಲ್ಲಿ ಅವನು ಗೋಲು ತಪ್ಪಿಸಿದರೂ ಐದನೆಯದಕ್ಕೆ ಇಳಿಸೋ ಧೈರ್ಯ ಕ್ಲಬ್‌ಗೆ ಬೇಕು. ಗ್ಯಾಲರಿಯಲ್ಲಿ ಕೂತು ಎರಡನೇ ಪಂದ್ಯಕ್ಕೇ ‘ಇವನನ್ನು ತೆಗೀರಿ’ ಅಂತ ಕೂಗೋ ನಮಗೂ ಸ್ವಲ್ಪ ತಾಳ್ಮೆ ಬೇಕು.

ಮುಂದಿನ ಸಲ ಮೊಬೈಲಲ್ಲಿ ಟಾಪ್ ಸ್ಕೋರರ್ ಪಟ್ಟಿ ತೆರೆದಾಗ ಮೊದಲ ಹೆಸರಿಗೇ ನಿಲ್ಲಿಸಬೇಡಿ. ಕೆಳಗೆ ಸರಿಸುತ್ತಾ ಹೋಗಿ, ಮೊದಲ ಭಾರತೀಯ ಹೆಸರು ಎಷ್ಟನೆಯದು, ಅವನ ವಯಸ್ಸೆಷ್ಟು, ಎಷ್ಟು ನಿಮಿಷ ಆಡಿದ್ದಾನೆ ಅಂತ ನೋಡಿ. ಆ ಹೆಸರು 22 ವರ್ಷದ ಹುಡುಗನದ್ದಾಗಿರೋ ದಿನ, ಬೂಟು ಯಾರ ಕಾಲಿಗೆ ಹೋದರೂ ಗೆದ್ದಿದ್ದು ನಾವೇ.