ತುದಿ ತುಂಬದ ತೆನೆ

ಆಗಸ್ಟ್ ಕೊನೆಯಲ್ಲಿ ರಾಣೆಬೆನ್ನೂರಿನ ಸುತ್ತಮುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ನಾನು ಹೋಗಿದ್ದ ಹೊಲದ ಯಜಮಾನರು ಬದುವಿನ ಪಕ್ಕದ ಗಿಡದಿಂದ ಒಂದು ಎಳೆತೆನೆ ಮುರಿದರು, ನಡುಹೊಲದಿಂದ ಇನ್ನೊಂದು. ಕುಡಗೋಲಿನಿಂದ ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಕೂದಲು ಕೀಳದಂತೆ ಮೆಲ್ಲಗೆ ಬಿಚ್ಚಿ, ತೆನೆಯನ್ನು ತಲೆಕೆಳಗಾಗಿ ಹಿಡಿದು ಕೊಡವಿದರು. ಮೊದಲನೆಯದರ ಕೂದಲೆಲ್ಲ ಉದುರಿತು. ಎರಡನೆಯದರ ತುದಿಯಲ್ಲಿ ಎರಡು ಬೆರಳಗಲದಷ್ಟು ಅಂಟಿಕೊಂಡೇ ಉಳಿಯಿತು. "ಇಷ್ಟರಾಗ ಕಾಳ ಹಿಡಿಯಂಗಿಲ್ರಿ" ಎಂದರು.

ಒಂದೊಂದು ಕೂದಲೂ ಒಂದೊಂದು ಕಾಳಿನದು. ಸೂಲಂಗಿಯಿಂದ ಉದುರಿದ ಪರಾಗ ಅದಕ್ಕೆ ತಾಗಿ ಕಾಳು ಕಟ್ಟಿತೆಂದರೆ ಎರಡು ಮೂರು ದಿನಗಳಲ್ಲಿ ಕೂದಲು ಬುಡದಿಂದ ಕಳಚಿಕೊಳ್ಳುತ್ತದೆ; ಇಲ್ಲದಿದ್ದರೆ ಬಿಡುವುದಿಲ್ಲ. ತೆನೆಯ ಬುಡದ ಕಾಳುಗಳ ಕೂದಲು ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ಹೊಲ ದಟ್ಟವಾಗಿ ಬೆಳಕೂ ಸಾರಜನಕವೂ ಸಾಲದಾದಾಗ ಗಿಡ ಸೂಲಂಗಿಯನ್ನು ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿಯೇ ಬಿಡುತ್ತದೆ, ಕೂದಲನ್ನು ಮಾತ್ರ ತಡಮಾಡುತ್ತದೆ. ತುದಿಯ ಕೂದಲು ಇಣುಕುವಷ್ಟರಲ್ಲಿ ಹೊಲದ ಪರಾಗವೇ ತೀರಿರುತ್ತದೆ. ಪರಾಗ ಸಿಕ್ಕ ತುದಿಕಾಳುಗಳನ್ನೂ ಸೊರಗಿದ ಗಿಡ ಮುಂದೆ ಕೈಬಿಡುವುದುಂಟು. ಕೊಡವಿ ನೋಡುವ ಈ ಪರೀಕ್ಷೆಗೆ ಖರ್ಚಿಲ್ಲ, ಯಂತ್ರ ಬೇಕಿಲ್ಲ. ಇಡೀ ಮಧ್ಯಾಹ್ನ ನಾವು ಸಾಲಿನಿಂದ ಸಾಲಿಗೆ ಅದನ್ನೇ ಮಾಡಿದೆವು.

ಅಮೆರಿಕದ ಮೆಕ್ಕೆಜೋಳ ನಾಡಿನ ಕಥೆಯ ತಿರುಳೂ ಇಲ್ಲೇ ಇದೆ. 1930ರ ದಶಕದಲ್ಲಿ ಅಲ್ಲಿ ಹೆಕ್ಟೇರಿಗೆ ಸುಮಾರು 30,000 ಗಿಡ. ಈಗ 75,000 ದಾಟಿದೆ. ಅಯೋವಾದ ತಳಿವಿಜ್ಞಾನಿ ಡೊನಾಲ್ಡ್ ಡುವಿಕ್ ಬೇರೆಬೇರೆ ದಶಕಗಳ ಹೈಬ್ರಿಡ್‌ಗಳನ್ನು ಅಕ್ಕಪಕ್ಕ ಬೆಳೆದು ನೋಡಿದರು. ವಿರಳವಾಗಿ ಬಿತ್ತಿದಾಗ ಹಳೆಯ ಗಿಡಕ್ಕೂ ಹೊಸ ಗಿಡಕ್ಕೂ ಇಳುವರಿಯಲ್ಲಿ ದೊಡ್ಡ ಅಂತರವಿರಲಿಲ್ಲ. ಒತ್ತಾಗಿ ಬಿತ್ತಿದಾಗಲೇ ಹೊಸದು ಗೆದ್ದದ್ದು. ಸೂಲಂಗಿಗೂ ಕೂದಲಿಗೂ ನಡುವಿನ ಅಂತರವೂ ದಶಕದಿಂದ ದಶಕಕ್ಕೆ ಕುಗ್ಗಿತ್ತು. ಇಳುವರಿ ಏರಿದ್ದರ ಕೀರ್ತಿಯನ್ನು ಗೊಬ್ಬರಕ್ಕೇ ಕಟ್ಟುವವರ ಮಾತು ಹಾಗಾಗಿ ನನಗೆ ಒಪ್ಪಿಗೆಯಿಲ್ಲ. ಗೊಬ್ಬರ ಬೇಕು, ಆದರೆ ಇಕ್ಕಟ್ಟು ತಾಳುವ ಗಿಡವಿಲ್ಲದಿದ್ದರೆ ಅದರ ಬಹುಪಾಲು ವ್ಯರ್ಥ.

ನಮ್ಮಲ್ಲಿ 60 ಸೆಂ.ಮೀ. ಸಾಲು, 20 ಸೆಂ.ಮೀ. ಗಿಡದ ಅಂತರವಿಟ್ಟರೆ ಎಕರೆಗೆ 33,000ಕ್ಕೂ ಹೆಚ್ಚು ಗಿಡ. ಈ ಹೊಲದ ನಡುವಿನಲ್ಲಿ ಅಂತರ 15 ಸೆಂ.ಮೀ. ಆಸುಪಾಸು, ಅಂದರೆ ಎಕರೆಗೆ 45,000ದ ಲೆಕ್ಕ. ಬಗ್ಗಿ ನೋಡಿದರೆ ಕೆಳಗಿನ ಎಲೆಗಳ ತುದಿಯಿಂದ ನಡುನರದ ಗುಂಟ ಹಳದಿ ಇಳಿದಿತ್ತು. ಮೇಲಿನ ಎಲೆಗಳನ್ನು ಉಳಿಸಲು ಗಿಡ ಕೆಳಗಿನವುಗಳಿಂದ ಸಾರಜನಕ ಹಿಂತೆಗೆದುಕೊಳ್ಳುತ್ತಿತ್ತು. ರಸ್ತೆಯಿಂದ ನೋಡಿದವರಿಗೆ ಮಾತ್ರ ಹೊಲ ಕಡುಹಸಿರು.

"ಇನ್ನೊಂದು ಚೀಲ ಯೂರಿಯಾ ಹಾಕಿದ್ರ ತುಂಬತಿತ್ತೇನ್ರಿ?" ಎಂದು ಅವರು ಕೇಳಿದರು. 45 ಕಿಲೋ ಚೀಲದಲ್ಲಿ ಸಾರಜನಕ ಇರುವುದು 21 ಕಿಲೋಗೂ ಕಡಿಮೆ. ನೀರಾವರಿ ಬೆಳೆಗೆ ಹೆಕ್ಟೇರಿಗೆ 150 ಕಿಲೋ ಸಾರಜನಕವೆಂದರೆ, ಯೂರಿಯಾದಲ್ಲೇ ಎಣಿಸಿದರೆ ಎಕರೆಗೆ ಸುಮಾರು ಮೂರು ಚೀಲ. ಅವರು ಹಾಕಿದ್ದೂ ಅಷ್ಟೇ, ಆದರೆ ಬಿತ್ತಿದ ಸ್ವಲ್ಪ ದಿನಕ್ಕೇ, ಒಂದೇ ಸಲಕ್ಕೆ. ಗಿಡದ ಹಸಿವು ಹೆಚ್ಚುವುದು ಮೊಣಕಾಲೆತ್ತರಕ್ಕೆ ಬಂದ ಮೇಲೆ, ಸೂಲಂಗಿ ಬಿಡುವವರೆಗೆ. ಅಷ್ಟರಲ್ಲಿ ಜುಲೈ ಮಳೆ ಒಂದು ಪಾಲನ್ನು ಬೇರಿನ ಕೆಳಗೆ ಇಳಿಸಿರುತ್ತದೆ. ಮೇಲೆಯೇ ಬಿದ್ದದ್ದರಲ್ಲಿ ಇನ್ನೊಂದು ಪಾಲು ಅಮೋನಿಯವಾಗಿ ಗಾಳಿಗೆ ಹೋಗಿರುತ್ತದೆ. ಮಳೆ ನೆಚ್ಚಿದ ಅಂಥ ಹೊಲಕ್ಕೆ ನಾನು ಹೇಳುವುದಾದರೆ ಮೊದಲು ಬೀಜ ಕಡಿಮೆ ಮಾಡಿ, ಮೇಲುಗೊಬ್ಬರವನ್ನು ಎರಡು ಕಂತಿನಲ್ಲಿ, ಎಡೆ ಹೊಡೆದು ನೆಲ ಹಸಿಯಿದ್ದಾಗ ಬುಡಕ್ಕೆ ಕೊಟ್ಟು ಮಣ್ಣೇರಿಸಿ.