ಎರಡು ಸಾವಿರ ಪಡೆದವರಿಗೆ ಓಟು ಯಾಕೆ ಎನ್ನುವವರಿಗೆ

"ಪುಕ್ಕಟೆ ತಿನ್ನೋರಿಗೆ ಓಟು ಯಾಕ್ರೀ? ಟ್ಯಾಕ್ಸ್ ಕಟ್ಟೋರು ನಾವು." 2023ರ ಆಗಸ್ಟ್‌ನಲ್ಲಿ ಹೆಂಗಸರಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಯೋಜನೆ ಶುರುವಾದಾಗಿನಿಂದ ನಮ್ಮ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವಲ್ಲಿಯೂ, ಮದುವೆ ಊಟದ ಪಂಕ್ತಿಯಲ್ಲಿಯೂ ಈ ಮಾತು ಕಿವಿಗೆ ಬೀಳುತ್ತಿದೆ. ಆಡುವವರು ಓದಿಕೊಂಡವರು. ಸಿಟ್ಟು ಬರುವುದು ಅದಕ್ಕೇ.

ಸಂವಿಧಾನದ 326ನೇ ವಿಧಿಯನ್ನು ಒಮ್ಮೆ ತೆರೆದು ನೋಡಲಿ. ಭಾರತದ ಪ್ರಜೆಯಾಗಿ 18 ತುಂಬಿದ್ದರೆ ಓಟು ಉಂಟು. ಅದನ್ನು ತಡೆಯಲು ಅಲ್ಲಿ ಹೇಳಿರುವ ಕಾರಣಗಳು ವಾಸವಿಲ್ಲದಿರುವುದು, ಮಾನಸಿಕ ಅಸ್ವಸ್ಥತೆ, ಅಪರಾಧ, ಚುನಾವಣಾ ಅಕ್ರಮ, ಇಷ್ಟೇ. ಬಡತನ ಅದರಲ್ಲಿಲ್ಲ, ಸರ್ಕಾರದ ನೆರವು ಪಡೆಯುವುದೂ ಇಲ್ಲ.

ತೆರಿಗೆ ಕಟ್ಟುವವರ ಓಟು ನಮ್ಮೂರು ಕಂಡು ಬಿಟ್ಟ ಪದ್ಧತಿ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1935ರ ಕಾಯ್ದೆಯಂತೆ, ತೆರಿಗೆ, ಆಸ್ತಿ, ಓದು ನೋಡಿ ಓಟು ಕೊಡುತ್ತಿದ್ದರು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಆಗ ಮತದಾರರು ಸುಮಾರು 3 ಕೋಟಿ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದ ಪಟ್ಟಿ 17 ಕೋಟಿ ದಾಟಿತು. ಹೊಲದ ಕೂಲಿಯವರೂ, ಗುಡಿಸಲ ಹೆಂಗಸರೂ ಸಾಲಿನಲ್ಲಿ ಬಂದು ನಿಂತರು. ಬಡವರ ಪರಿಹಾರ ಪಡೆದವರ ಓಟು ಕಿತ್ತುಕೊಳ್ಳುತ್ತಿದ್ದ ಇಂಗ್ಲೆಂಡ್ ಕೂಡ 1918ರಲ್ಲಿ ಆ ನಿಯಮ ಕೈಬಿಟ್ಟಿತು.

ಇನ್ನು "ಟ್ಯಾಕ್ಸ್ ಕಟ್ಟೋರು ನಾವು" ಎಂಬುದು. ಆದಾಯ ತೆರಿಗೆಯೊಂದೇ ತೆರಿಗೆಯೇ? ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ದಿನಗೂಲಿ ಪಡೆಯುವ ಹೆಂಗಸು ಮೊಬೈಲ್ ರೀಚಾರ್ಜಿಗೂ ಜಿಎಸ್‌ಟಿ ಕೊಡುತ್ತಾಳೆ. ಸರ್ಕಾರದ ದುಡ್ಡು ಮುಟ್ಟಿದವರಿಗೆ ಓಟಿಲ್ಲ ಎಂದಾದರೆ ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡಿನ ರೈತರನ್ನೂ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ಅಣೆಕಟ್ಟು ಸರ್ಕಾರದ್ದು, ಗೊಬ್ಬರಕ್ಕೆ ಸಬ್ಸಿಡಿ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಆ ರೈತರ ಓಟು ತೆಗೆಯಿರಿ ಎಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಎರಡು ಸಾವಿರ ಪಡೆಯುವ ಹೆಂಗಸಿನ ಮೇಲೆ ಮಾತ್ರ ಯಾಕೆ ಈ ಕಣ್ಣು?

ಗೆದ್ದ ಪಕ್ಷಕ್ಕೆ ಓಟು ಹಾಕದಿದ್ದರೆ ರೇಷನ್ ಕಾರ್ಡ್ ಹೋಗುತ್ತದೆ ಎಂಬ ಹೆದರಿಕೆಯೂ ಸುಳ್ಳೇ. ಯಾರಿಗೆ ಓಟು ಹಾಕಿದಿರಿ ಎಂದು ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡು ನಿಮ್ಮೊಬ್ಬರ ಕಣ್ಣಿಗೆ ಕಂಡು ಪೆಟ್ಟಿಗೆಯೊಳಗೆ ಬೀಳುತ್ತದೆ, ಬೇರೆ ಯಾರಿಗೂ ಅದು ಕಾಣುವುದಿಲ್ಲ.

ಜೈಲಿಗೆ ಹೋಗಿ ಬಂದವನ ಓಟು ಜನ್ಮಪೂರ್ತಿ ಹೋಯಿತು ಎನ್ನುವವರೂ ಬಹಳ. ಚುನಾವಣೆಗೆ ನಿಲ್ಲುವುದು ಬೇರೆ, ಓಟು ಹಾಕುವುದು ಬೇರೆ. 2025ರ ಮೇ ತಿಂಗಳಲ್ಲಿ ಗಾಲಿ ಜನಾರ್ದನ ರೆಡ್ಡಿ ಅವರಿಗೆ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 7 ವರ್ಷ ಶಿಕ್ಷೆಯಾದಾಗ ಹೋದದ್ದು ಗಂಗಾವತಿಯ ಶಾಸಕ ಸ್ಥಾನ. ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟ ಮೇಲೆ ಅದೂ ಮರಳಿತು. ಓಟಿನ ಮಾತೇ ಬೇರೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ರ ಪ್ರಕಾರ ಜೈಲಿನಲ್ಲೋ ಪೊಲೀಸರ ವಶದಲ್ಲೋ ಇರುವಷ್ಟು ದಿನ ಓಟು ಹಾಕುವಂತಿಲ್ಲ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಹೊರಬಂದರೆ ಓಟು ಉಂಟು.

ಕೂಗಲೇಬೇಕೆಂದರೆ ಈ ಕಲಮಿನ ಬಗ್ಗೆ ಕೂಗಿ. ಅಪರಾಧ ಸಾಬೀತಾಗಿ ಜಾಮೀನಿನ ಮೇಲೆ ಹೊರಗಿರುವವರು ಮತಗಟ್ಟೆಗೆ ಹೋಗಬಹುದು. ಅಪರಾಧವೇ ಸಾಬೀತಾಗದ ವಿಚಾರಣಾಧೀನ ಕೈದಿ ಹೋಗುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೈದಿಗಳಿಗೆಲ್ಲ ಓಟು ಹಾಕಿಸಲು ಪೊಲೀಸರೂ ವ್ಯವಸ್ಥೆಯೂ ಸಾಲವು ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಹಾಗಾಗಿ ಜಾಮೀನಿಗೆ ಪಹಣಿ ತಂದು ನಿಲ್ಲುವ ಒಬ್ಬ ನೆಂಟನೂ ಇಲ್ಲದ ಬಡವ, ಬಡವನೆಂಬ ಕಾರಣಕ್ಕೇ, ಇವತ್ತಿಗೂ ಓಟು ಕಳೆದುಕೊಳ್ಳುತ್ತಿದ್ದಾನೆ.